ಬಾವಿಯ ಬಿಳಿ ಮಣ್ಣು ಮತ್ತು ಹಬೆಯ ಸ್ಫೋಟ

ಕಲ್ಲು-ಮಣ್ಣು: ಓದುಗರ ಪ್ರಶ್ನೆಗಳಿಗೆ ಉತ್ತರ

ಹಿಂದಿನ ಸಂಚಿಕೆಯಲ್ಲಿ, 2014ರಲ್ಲಿ ಹಬೆಯಿಂದ ಸಿಡಿದ ಜಪಾನಿನ ಒಂಟಾಕೆ ಜ್ವಾಲಾಮುಖಿ ಪರ್ವತದ ದುರಂತದ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿ ಇಷ್ಟೊಂದು ಜನ ಪತ್ರ ಬರೆಯುತ್ತೀರಿ ಎಂದುಕೊಂಡಿರಲಿಲ್ಲ. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತಳಾದವಳಿಗೆ ಇದಕ್ಕಿಂತ ಸಂತೋಷ ಬೇರೆ ಇಲ್ಲ. ಈ ಸಲ ಉಳಿದ ವಿಷಯಗಳನ್ನು ಬದಿಗಿಟ್ಟು, ಹಬೆಯಿಂದಾಗುವ ಸ್ಫೋಟ, ಅದು ಬಿಟ್ಟುಹೋಗುವ ಮಣ್ಣು, ಆ ಮಣ್ಣನ್ನು ಓದಿ ಹಳೆಯ ಸ್ಫೋಟಗಳನ್ನು ಪತ್ತೆಹಚ್ಚುವ ಕೆಲಸ, ಇಷ್ಟನ್ನೇ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಈ ಬೇಸಿಗೆಯಲ್ಲಿ ನಮ್ಮ ತೋಟದಲ್ಲಿ ಬಾವಿ ತೆಗೆಸಿದೆವು. ಮೇಲೆ ಕೆಂಪು ಜಂಬಿಟ್ಟಿಗೆ, ಅದರ ಕೆಳಗೆ ಹಿಟ್ಟಿನಂಥ ಬಿಳಿ ಮಣ್ಣು ಬಂತು. ಇದು ಪುರಾತನ ಜ್ವಾಲಾಮುಖಿಯ ಬೂದಿ, ಜಂಬಿಟ್ಟಿಗೆಯ ತೂತುಗಳೇ ಅದಕ್ಕೆ ಸಾಕ್ಷಿ ಎಂದು ಊರಿನ ಹಿರಿಯರೊಬ್ಬರು ಹೇಳುತ್ತಾರೆ. ನಿಜವೇ?
ಒಬ್ಬ ಅಡಿಕೆ ಬೆಳೆಗಾರ, ಹೊಸನಗರ

ಉತ್ತರ: ಬೂದಿಯಲ್ಲ. ನಿಮ್ಮ ಬಾವಿಯಲ್ಲಿ ಸಿಕ್ಕಿರುವುದು ಶೇಡಿ ಮಣ್ಣು. ಹಬ್ಬಕ್ಕೆ ಮುಂಚೆ ನಮ್ಮ ಕಡೆಯ ಮನೆಗಳ ಗೋಡೆಗೆ ಬಳಿಯುತ್ತಿದ್ದ ಮಣ್ಣು ಇದೇ. ಇದರಲ್ಲಿ ಮುಖ್ಯವಾಗಿ ಇರುವುದು ಕೆಯೊಲಿನೈಟ್ ಎಂಬ ಜೇಡಿ ಖನಿಜ. ಗ್ರಾನೈಟ್, ನೈಸ್ ಮುಂತಾದ ಬಂಡೆಗಳಲ್ಲಿ ಫೆಲ್ಡ್‌ಸ್ಪಾರ್ ಎಂಬ ಖನಿಜ ಧಾರಾಳವಾಗಿರುತ್ತದೆ. ಮಳೆನೀರು ಲಕ್ಷಾಂತರ ವರ್ಷ ಇಂಗಿ ಇಂಗಿ ಅದರಲ್ಲಿರುವ ಪೊಟ್ಯಾಸಿಯಂ, ಸೋಡಿಯಂ, ಕ್ಯಾಲ್ಸಿಯಂಗಳನ್ನು ತೊಳೆದುಕೊಂಡು ಹೋದ ಮೇಲೆ ಈ ಬಿಳಿ ಜೇಡಿ ಉಳಿಯುತ್ತದೆ. ಮೇಲ್ಭಾಗದಲ್ಲಿ ಕಬ್ಬಿಣ, ಅಲ್ಯೂಮಿನಿಯಂಗಳು ಒಟ್ಟುಗೂಡಿ ಗಟ್ಟಿಯಾದರೆ ಜಂಬಿಟ್ಟಿಗೆ. ಅದರ ತೂತುಗಳು ಲಾವಾದೊಳಗಿನ ಅನಿಲ ಮಾಡಿದವಲ್ಲ. ಮೆತ್ತಗಿನ ಭಾಗ ನೀರಿನೊಂದಿಗೆ ಹೋಗಿ ಉಳಿದ ಪೊಳ್ಳುಗಳು ಅವು.

ನೀವೇ ಪರೀಕ್ಷಿಸಬಹುದು. ಬಾವಿಯ ಗೋಡೆಗೆ ಟಾರ್ಚ್ ಬಿಟ್ಟು ನೋಡಿ. ಬಿಳಿ ಮಣ್ಣಿನೊಳಗೆ ಓರೆಯಾಗಿ ಹರಿದ ಗೆರೆಗಳು, ನಡುವೆ ಒಂದೆರಡು ಬೆಣಚುಕಲ್ಲಿನ ಎಳೆಗಳು ಕಾಣಬಹುದು. ಮೂಲ ಬಂಡೆಯ ಪಟ್ಟೆಗಳು ಅವು. ಬಂಡೆ ಕೊಳೆತರೂ ಪಟ್ಟೆ ಅಳಿಸಿಲ್ಲ. ಆಕಾಶದಿಂದ ಬಿದ್ದ ಬೂದಿಯಲ್ಲಿ ಇಂಥ ಎಳೆ ಬರಲು ಸಾಧ್ಯವಿಲ್ಲ. ಇನ್ನೊಂದು ಹಿಡಿ ಮಣ್ಣನ್ನು ನೀರಿನಲ್ಲಿ ಕದಡಿ, ಬಿಳಿ ನೀರನ್ನು ಚೆಲ್ಲಿ. ತಳದಲ್ಲಿ ಗಾಜಿನಂತೆ ಹೊಳೆಯುವ ಬೆಣಚಿನ ಹರಳು ಉಳಿಯುತ್ತದೆ.

ಆದರೂ ನಿಮ್ಮ ಊರಿನ ಹಿರಿಯರ ಮಾತನ್ನು ನಾನು ಪೂರ್ತಿ ತಳ್ಳಿಹಾಕುವುದಿಲ್ಲ. ಇದೇ ಕೆಯೊಲಿನೈಟ್ ಜ್ವಾಲಾಮುಖಿಯ ಕುಳಿಗಳಲ್ಲೂ ಹೇರಳವಾಗಿ ಹುಟ್ಟುತ್ತದೆ. ಅಲ್ಲಿ ಕೆಲಸ ಮಾಡುವುದು ಮಳೆಯ ತಣ್ಣೀರಲ್ಲ, ಗಂಧಕದ ಅನಿಲ ಬೆರೆತು ಆಮ್ಲವಾದ ಬಿಸಿನೀರು. ಇಲ್ಲಿ ಲಕ್ಷಾಂತರ ವರ್ಷ ಹಿಡಿಯುವ ಕೆಲಸವನ್ನು ಅದು ಬಹಳ ಬೇಗ ಮುಗಿಸುತ್ತದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಡೋನೇಷ್ಯಾದ ಬಾಂಡುಂಗ್ ಬಳಿಯ ತಂಗ್‌ಕುಬಾನ್ ಪರಾಹು ಕುಳಿಯ ಅಂಚಿನಿಂದ ಒಂದು ಚಿಟಿಕೆ ಮಣ್ಣು ತಂದುಕೊಟ್ಟಿದ್ದ. 2019ರ ಜುಲೈ 26ರಂದು ಪ್ರವಾಸಿಗರು ಇರುವಾಗಲೇ ಹಬೆಯಿಂದ ಸಿಡಿದ ಕುಳಿ ಅದು. ಆ ಮಣ್ಣನ್ನು ನಮ್ಮ ಶೇಡಿಯ ಪಕ್ಕದಲ್ಲಿ ಬಿಳಿ ಕಾಗದದ ಮೇಲೆ ಹರಡಿ ಭೂತಗನ್ನಡಿಯಲ್ಲಿ ನೋಡಿದೆ. ಶೇಡಿ ಅಚ್ಚ ಬಿಳಿ, ಬೆರಳಿಗೆ ನುಣುಪು. ಕುಳಿಯ ಮಣ್ಣು ಬೂದು ಬಣ್ಣ. ಅದರ ತುಂಬ ಚೂಪು ಅಂಚಿನ ಕಲ್ಲಿನ ಚೂರುಗಳು, ಅಲ್ಲಲ್ಲಿ ಗಂಧಕದ ಹಳದಿ ಕಣ, ಹಿತ್ತಾಳೆಯ ಹೊಳಪಿನ ಪುಟ್ಟ ಪುಟ್ಟ ಪೈರೈಟ್ (ಕಬ್ಬಿಣ, ಗಂಧಕಗಳ ಖನಿಜ) ಘನಗಳು. ಒದ್ದೆ ಮಾಡಿದರೆ ಬೆಂಕಿಕಡ್ಡಿ ಗೀರಿದಂಥ ವಾಸನೆ. ಎರಡರಲ್ಲೂ ಜೇಡಿ ಒಂದೇ ಜಾತಿಯದು, ಒಡನಾಡಿಗಳು ಬೇರೆ. ಮಣ್ಣಿನ ಹುಟ್ಟನ್ನು ಹೇಳುವುದು ಈ ಒಡನಾಡಿಗಳೇ.

ಪ್ರಶ್ನೆ: ಒಂಟಾಕೆಯಲ್ಲಿ ಲಾವಾ ಹರಿಯಲಿಲ್ಲ, ಬೆಂಕಿ ಕಾಣಲಿಲ್ಲ ಎಂದು ಬರೆದಿದ್ದೀರಿ. ಲಾವಾ ಇಲ್ಲದೆ ಜ್ವಾಲಾಮುಖಿ ಸಿಡಿಯುವುದು ಹೇಗೆ? ಬರೀ ನೀರಿಗೆ ಅಷ್ಟು ಶಕ್ತಿ ಎಲ್ಲಿಂದ ಬರುತ್ತದೆ?
ಬ್ಯಾಂಕ್ ಉದ್ಯೋಗಿ, ಶಿವಮೊಗ್ಗ

ಉತ್ತರ: ಮಳೆಗಾಲದಲ್ಲಿ ಒಲೆಯ ಕೆಂಡಕ್ಕೆ ಹಲಸಿನ ಬೀಜ ಹಾಕಿ ಸುಟ್ಟು ತಿಂದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಸಿಪ್ಪೆಯನ್ನು ಕತ್ತಿಯಿಂದ ಗೀರದೆ ಕೆಂಡದಲ್ಲಿ ಹೂತರೆ ಬೀಜ ಢಬ್ ಎಂದು ಸಿಡಿಯುತ್ತದೆ. ಒಳಗಿನ ನೀರಿನಂಶ ಹಬೆಯಾಗಿ, ಹೊರಬರಲು ದಾರಿ ಸಿಗದೆ ಸಿಪ್ಪೆಯನ್ನೇ ಹರಿಯುತ್ತದೆ. ಆಗ ಅಡುಗೆಮನೆಯಲ್ಲೆಲ್ಲ ಚೆಲ್ಲಾಡುವುದು ಬೀಜದ ಚೂರುಗಳು. ಶಾಖ ಕೊಟ್ಟ ಕೆಂಡ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಹಬೆಯ ಸ್ಫೋಟದಲ್ಲೂ ಹಾಗೆಯೇ. ಭೂವಿಜ್ಞಾನಿಗಳು ಇದನ್ನು ಫ್ರಿಯಾಟಿಕ್ ಸ್ಫೋಟ ಎನ್ನುತ್ತಾರೆ. ಶಿಲಾರಸ, ಅಂದರೆ ನೆಲದಡಿಯ ಕರಗಿದ ಕಲ್ಲು, ಆಳದಲ್ಲೇ ಉಳಿದು ಶಾಖವನ್ನೂ ಅನಿಲವನ್ನೂ ಮೇಲಕ್ಕೆ ಕಳುಹಿಸುತ್ತದೆ. ನಡುವಿನ ಬಂಡೆಗಳ ಬಿರುಕಿನಲ್ಲಿರುವ ಅಂತರ್ಜಲ ಕಾಯುತ್ತದೆ. ಸಿಡಿದು ಹೊರಬರುವುದು ಬೆಟ್ಟದ ಹಳೆಯ ಕಲ್ಲು, ಹಳೆಯ ಜೇಡಿ, ಕೆಸರು.

ಶಕ್ತಿಯ ಲೆಕ್ಕ ಹೀಗೆ. ನಮ್ಮ ಪಾತ್ರೆಯಲ್ಲಿ ನೀರು 100 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ. ನೆಲದಡಿಯಲ್ಲಿ ಮೇಲಿನ ನೀರಿನ ಭಾರ ಒತ್ತುವುದರಿಂದ 100 ಮೀಟರ್ ಆಳದಲ್ಲಿ ಸುಮಾರು 180 ಡಿಗ್ರಿಯವರೆಗೂ, ಒಂದು ಕಿಲೋಮೀಟರ್ ಆಳದಲ್ಲಿ 300 ಡಿಗ್ರಿ ದಾಟಿದರೂ ಕುದಿಯದೆ ನೀರಾಗಿಯೇ ಇರಬಲ್ಲದು. ಈಗ ಮೇಲಿನ ಒತ್ತಡ ಒಮ್ಮೆಲೇ ತಪ್ಪಿತು ಎನ್ನಿ. ಒಂದು ಬಿರುಕು ತೆರೆಯಬಹುದು, ಕುಳಿಯೊಳಗಿನ ಕೆರೆ ಬತ್ತಬಹುದು, ಬೆಟ್ಟದ ಪಕ್ಕ ಕುಸಿಯಬಹುದು. 180 ಡಿಗ್ರಿಯ ನೀರಿನಲ್ಲಿ ಏಳರಲ್ಲಿ ಒಂದು ಪಾಲು ಆ ಕ್ಷಣವೇ ಹಬೆಯಾಗುತ್ತದೆ, ಹಬೆಯಾದ ಪಾಲು ಮೊದಲಿನ ಗಾತ್ರಕ್ಕಿಂತ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಬಂಡೆ ತಡೆಯುವುದಿಲ್ಲ. ಇದರ ಮೇಲೆ, ಬಿಸಿನೀರು ತಂದ ಗಂಧಕ, ಸಿಲಿಕಾ, ಜೇಡಿಗಳೇ ಬಿರುಕುಗಳಲ್ಲಿ ಕುಳಿತು ಬಾಯಿ ಮುಚ್ಚಿಬಿಡುವುದುಂಟು. ಹೊಗೆ ಕಡಿಮೆಯಾಯಿತು, ಬೆಟ್ಟ ತಣ್ಣಗಾಯಿತು ಎಂದು ಜನ ನಿಟ್ಟುಸಿರು ಬಿಡುವ ಹೊತ್ತಿಗೆ ಒಳಗೆ ಒತ್ತಡ ಏರುತ್ತಿರಬಹುದು.

ಒಂಟಾಕೆಯಲ್ಲಿ ಆದದ್ದನ್ನು ಇನ್ನಷ್ಟು ಬಿಡಿಸಿ ಹೇಳುತ್ತೇನೆ. 2014ರ ಸೆಪ್ಟೆಂಬರ್ 27, ಶನಿವಾರ. ಎಲೆಗಳು ಬಣ್ಣ ತಿರುಗುವ ಕಾಲ, ಆಕಾಶ ಶುಭ್ರ. 3,067 ಮೀಟರ್ ಎತ್ತರದ ಶಿಖರದ ಸುತ್ತ ನೂರಾರು ಜನ ಬುತ್ತಿ ಬಿಚ್ಚಿ ಕುಳಿತ ಸಮಯ. ಬೆಳಗ್ಗೆ 11 ಗಂಟೆ 52 ನಿಮಿಷಕ್ಕೆ ಕುಳಿ ಸಿಡಿಯಿತು. ಅದಕ್ಕೆ ಎರಡು ವಾರ ಮುಂಚೆ ಸಣ್ಣ ಕಂಪನಗಳು ಹೆಚ್ಚಾಗಿದ್ದವು, ಆದರೆ ಎಚ್ಚರಿಕೆಯ ಮಟ್ಟ ಅತ್ಯಂತ ಕೆಳಗಿನ 1ರಲ್ಲೇ ಇತ್ತು. ನಿರಂತರ ಕಂಪನ ಶುರುವಾದದ್ದು ಸ್ಫೋಟಕ್ಕೆ ಕೇವಲ 11 ನಿಮಿಷ ಮೊದಲು. 63 ಜನ ಸತ್ತರು ಅಥವಾ ಕಾಣೆಯಾದರು. ಹೆಚ್ಚಿನವರನ್ನು ಕೊಂದದ್ದು ಬಿಸಿಯಲ್ಲ, ಆಕಾಶದಿಂದ ಸುರಿದ ಕಲ್ಲುಗಳು. ಜ್ವಾಲಾಮುಖಿಗಳ ಅಳತೆಯಲ್ಲಿ ಇದು ಬಹಳ ಸಣ್ಣ ಸ್ಫೋಟ. ನನ್ನನ್ನು ಬಾಧಿಸುವುದು ಇದೇ. ದೊಡ್ಡ ಸ್ಫೋಟಕ್ಕೆ ಬೆಟ್ಟ ತಿಂಗಳುಗಟ್ಟಲೆ ಮುನ್ಸೂಚನೆ ಕೊಡುವುದುಂಟು. ಹಬೆಯ ಸ್ಫೋಟ ಹೇಳದೆ ಕೇಳದೆ ಬರುತ್ತದೆ, ಬರುವ ಜಾಗವೂ ಜನ ನಿಂತು ಫೋಟೊ ತೆಗೆಯುವ ಕುಳಿಯ ಅಂಚೇ. ನ್ಯೂಜಿಲೆಂಡಿನ ವಕಾರಿ ದ್ವೀಪದಲ್ಲಿ 2019ರ ಡಿಸೆಂಬರ್ 9ರಂದು ಸ್ಫೋಟವಾದಾಗ ಅಲ್ಲಿ 47 ಜನ ಇದ್ದರು. 22 ಮಂದಿ ಪ್ರಾಣ ಕಳೆದುಕೊಂಡರು.

ಪ್ರಶ್ನೆ: ಪುತ್ತೂರಿನ ಬಳಿ ಬೆಂದ್ರು ತೀರ್ಥ ಎಂಬ ಬಿಸಿನೀರಿನ ಬುಗ್ಗೆ ಇದೆ. ಅದರ ಅಡಿಯಲ್ಲೂ ಶಿಲಾರಸ ಇರಬಹುದೇ? ಮುಂದೊಂದು ದಿನ ಸಿಡಿಯಬಹುದೇ?
ಗೃಹಿಣಿ, ಕೊಪ್ಪ

ಉತ್ತರ: ಸಿಡಿಯುವುದಿಲ್ಲ, ನಿಶ್ಚಿಂತೆಯಿಂದಿರಿ. ನೆಲದಲ್ಲಿ ಒಂದೊಂದು ಕಿಲೋಮೀಟರ್ ಇಳಿದಂತೆ ಬಿಸಿ ಏರುತ್ತ ಹೋಗುತ್ತದೆ. ಬಿರುಕಿನಲ್ಲಿ ಆಳಕ್ಕೆ ಇಳಿದ ಮಳೆನೀರು ಅಲ್ಲಿ ಕಾದು ಬೇಗನೆ ಮೇಲೆ ಬಂದರೆ ಬುಗ್ಗೆ ಬೆಚ್ಚಗಿರುತ್ತದೆ. ಬೆಂದ್ರು ತೀರ್ಥದ ನೀರು ಸ್ನಾನಕ್ಕೆ ಹಿತವಾಗುವಷ್ಟು ಬಿಸಿ, ಕುದಿಯುವ ಹತ್ತಿರಕ್ಕೂ ಹೋಗುವುದಿಲ್ಲ. ಅದಕ್ಕೆ ಶಿಲಾರಸ ಬೇಕಿಲ್ಲ.

ಪ್ರಶ್ನೆ: ಯಾರೂ ನೋಡದ, ಬರೆದಿಡದ ಹಬೆಯ ಸ್ಫೋಟಗಳನ್ನು ವಿಜ್ಞಾನಿಗಳು ಮಣ್ಣಿನ ಪದರಗಳಿಂದ ಪತ್ತೆಹಚ್ಚುತ್ತಾರೆ ಎಂದಿದ್ದೀರಿ. ಲಾವಾ ಆದರೆ ಕಲ್ಲಾಗಿ ಉಳಿಯುತ್ತದೆ. ಹಬೆ ಗಾಳಿಯಲ್ಲಿ ಕರಗಿಹೋಗುತ್ತದೆ. ಮತ್ತೆ ಏನನ್ನು ನೋಡಿ ಹೇಳುತ್ತಾರೆ? ನನ್ನ ವಿದ್ಯಾರ್ಥಿಗಳಿಗೆ ವಿವರಿಸಬೇಕಿದೆ.
ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ, ಸಾಗರ

ಉತ್ತರ: ಮೇಷ್ಟ್ರೇ, ಈ ಪ್ರಶ್ನೆಗಾಗಿಯೇ ನಾನು ಉಳಿದ ಪತ್ರಗಳ ಉತ್ತರ ಚಿಕ್ಕದು ಮಾಡಿದ್ದೇನೆ.

ಹಬೆ ಹೋದರೂ ಅದು ಎತ್ತಿ ಎಸೆದದ್ದು ನೆಲದ ಮೇಲೆ ಉಳಿಯುತ್ತದೆ. ಕುಳಿಯ ಸುತ್ತ ಒಂದೆರಡು ಕಿಲೋಮೀಟರ್‌ವರೆಗೆ ದೊಡ್ಡ ಕಲ್ಲುಗಳು ಬೀಳುತ್ತವೆ. ಮೆತ್ತಗಿನ ನೆಲಕ್ಕೆ ಬಿದ್ದ ಕಲ್ಲು ಗುಂಡಿ ಮಾಡುತ್ತದೆ, ಕೆಳಗಿನ ಪದರಗಳನ್ನು ತೊಟ್ಟಿಲಿನಂತೆ ಬಾಗಿಸುತ್ತದೆ. ಆ ಬಾಗು ಯಾವ ಕಡೆಗೆ ಹೆಚ್ಚು ಒತ್ತಿದೆ ಎಂಬುದನ್ನು ನೋಡಿದರೆ ಕಲ್ಲು ಯಾವ ದಿಕ್ಕಿನಿಂದ ಬಂತು ಎಂದು ತಿಳಿಯುತ್ತದೆ. ಹಲವು ಕಲ್ಲುಗಳ ದಿಕ್ಕುಗಳನ್ನು ನಕ್ಷೆಯಲ್ಲಿ ಹಿಂದಕ್ಕೆ ಎಳೆದರೆ ಗೆರೆಗಳು ಸೇರುವ ಕಡೆ ಸ್ಫೋಟದ ಬಾಯಿ. ಕಲ್ಲಿನ ಗಾತ್ರ ಮತ್ತು ಅದು ಹಾರಿದ ದೂರದಿಂದ ಎಷ್ಟು ವೇಗದಲ್ಲಿ ಹೊರಟಿತ್ತೆಂದು ಲೆಕ್ಕ ಹಾಕಬಹುದು. ನ್ಯೂಜಿಲೆಂಡಿನ ಟೊಂಗರಿರೊ ಪರ್ವತದ ತೆ ಮಾರಿ ಕುಳಿ 2012ರ ಆಗಸ್ಟ್ 6ರ ನಡುರಾತ್ರಿಗೆ ಸ್ವಲ್ಪ ಮುಂಚೆ ಸಿಡಿದಾಗ ಬಿದ್ದ ಸಾವಿರಾರು ಗುಂಡಿಗಳನ್ನು ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಎಣಿಸಿ ಹೀಗೆ ಅಭ್ಯಾಸ ಮಾಡಿದ್ದಾರೆ. ಚಾರಣಿಗರ ತಂಗುಮನೆಯೊಂದರ ಛಾವಣಿಯನ್ನೂ ಕಲ್ಲು ತೂರಿಕೊಂಡು ಹೋಗಿತ್ತು. ಹಗಲಾಗಿದ್ದರೆ ಆ ದಾರಿಯ ತುಂಬ ಜನ ಇರುತ್ತಿದ್ದರು.

ಕಲ್ಲುಗಳ ಆಚೆಗೆ ಸಣ್ಣ ಕಣಗಳ ಪದರ. ಇದು ಎರಡು ಬಗೆಯಲ್ಲಿ ಬರುತ್ತದೆ. ಒಂದು, ನೆಲಕ್ಕೆ ಒರಗಿಕೊಂಡೇ ಹರಿದ ದೂಳು ಮತ್ತು ಹಬೆಯ ಮೋಡದಿಂದ. ಅದು ಕಣಿವೆಗಳಲ್ಲಿ ದಪ್ಪ, ದಿಣ್ಣೆಗಳ ಮೇಲೆ ತೆಳು. ಅಡ್ಡ ಕೊಯ್ದು ನೋಡಿದರೆ ಓರೆ ಗೆರೆಗಳು, ಅಲೆಯಂಥ ಆಕಾರಗಳು ಕಾಣುತ್ತವೆ. ಫಿಲಿಪ್ಪೀನ್ಸಿನ ತಾಲ್ ಜ್ವಾಲಾಮುಖಿ 1965ರಲ್ಲಿ ಸಿಡಿದಾಗ ಬಿಟ್ಟ ಇಂಥ ಗೆರೆಗಳನ್ನು ಅಮೆರಿಕದ ಭೂವಿಜ್ಞಾನಿ ಜೇಮ್ಸ್ ಮೂರ್ ಓದಿದರು. ಪರಮಾಣು ಪರೀಕ್ಷೆಗಳಲ್ಲಿ ಸ್ಫೋಟದ ಬುಡದಿಂದ ಉಂಗುರದಂತೆ ಹರಡುವ ಮೋಡ ಜ್ವಾಲಾಮುಖಿಗಳಲ್ಲೂ ಉಂಟಾಗುತ್ತದೆ ಎಂಬುದು ಆಗ ಸ್ಪಷ್ಟವಾಯಿತು. ತಾಲ್‌ನಲ್ಲಿ ಶಿಲಾರಸವೂ ಕೆರೆಯ ನೀರೂ ನೇರವಾಗಿ ಸೇರಿದ್ದವು, ಆದ್ದರಿಂದ ಅದು ಶುದ್ಧ ಹಬೆಯ ಸ್ಫೋಟವಲ್ಲ. ಆದರೂ ಪದರ ಓದುವ ಪಾಠ ಎರಡಕ್ಕೂ ಒಂದೇ. ಇನ್ನೊಂದು ಬಗೆ, ಮೇಲೆ ಹಾರಿ ಗಾಳಿಯೊಂದಿಗೆ ಸಾಗಿ ಬಿದ್ದ ಬೂದಿ. ಅದು ದಿಣ್ಣೆ, ಕಣಿವೆ ಎನ್ನದೆ ಒಂದೇ ಸಮನೆ ಹೊದಿಕೆ ಹಾಸುತ್ತದೆ, ಕುಳಿಯಿಂದ ದೂರ ಹೋದಂತೆ ತೆಳುವಾಗುತ್ತದೆ. ಹತ್ತಾರು ಕಡೆ ದಪ್ಪ ಅಳೆದು, ಸಮ ದಪ್ಪದ ಜಾಗಗಳನ್ನು ಗೆರೆಯಿಂದ ಜೋಡಿಸಿದರೆ ಅಂದಿನ ಗಾಳಿ ಬೀಸಿದ ದಿಕ್ಕು, ಹೊರಬಿದ್ದ ಮಣ್ಣಿನ ಒಟ್ಟು ಪ್ರಮಾಣ ಎರಡೂ ಸಿಗುತ್ತವೆ.

ಈಗ ಮುಖ್ಯ ಪ್ರಶ್ನೆ. ಆ ಪದರ ಹಬೆಯದೋ, ಹೊಸ ಶಿಲಾರಸದ್ದೋ? ಉತ್ತರ ಸೂಕ್ಷ್ಮದರ್ಶಕದಲ್ಲಿದೆ. ಶಿಲಾರಸ ಸಿಡಿದು ಥಟ್ಟನೆ ತಣಿದರೆ ಗಾಜಾಗುತ್ತದೆ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ತೋಬಾ ಸಿಡಿದಾಗ ಬಂದ ಬೂದಿ ಆಂಧ್ರದ ಜ್ವಾಲಾಪುರದಲ್ಲಿ ಇಂದಿಗೂ ದಪ್ಪ ಪದರವಾಗಿ ಸಿಗುತ್ತದೆ. ಅದನ್ನು ಸೂಕ್ಷ್ಮದರ್ಶಕದಡಿ ಇಟ್ಟರೆ ಒಡೆದ ಗುಳ್ಳೆಗಳ ಗೋಡೆಯಂತೆ ಬಾಗಿದ, ಪಾರದರ್ಶಕ ಗಾಜಿನ ಚೂರುಗಳು ರಾಶಿ ರಾಶಿ. ಹಬೆಯ ಸ್ಫೋಟದ ಮಣ್ಣಿನಲ್ಲಿ ಈ ಹೊಸ ಗಾಜು ಇರುವುದಿಲ್ಲ. ಇರುವುದೆಲ್ಲ ಕೆಯೊಲಿನೈಟ್, ಅಲ್ಯುನೈಟ್, ಜಿಪ್ಸಮ್, ಪೈರೈಟ್, ಗಂಧಕ ಮತ್ತು ಬಿಸಿನೀರಿನಲ್ಲಿ ನೆನೆದು ಕೊಳೆತ ಹಳೆಯ ಕಲ್ಲಿನ ಪುಡಿ. ಇಲ್ಲಿ ಇನ್ನೊಂದು ಉಪಕಾರವಿದೆ. ಒಂದೊಂದು ಖನಿಜ ಹುಟ್ಟಲು ಒಂದೊಂದು ಮಟ್ಟದ ಬಿಸಿ ಬೇಕು. ಕೆಯೊಲಿನೈಟ್ ಕಡಿಮೆ ಬಿಸಿಯಲ್ಲೂ ಆಗುತ್ತದೆ, ಪೈರೊಫಿಲೈಟ್‌ಗೆ ಅದಕ್ಕಿಂತ ಬಹಳ ಹೆಚ್ಚು ಬಿಸಿ ಬೇಕು. ಎಕ್ಸ್-ರೇ ಉಪಕರಣದಲ್ಲಿ ಖನಿಜಗಳನ್ನು ಗುರುತಿಸಿ, ಬೆಟ್ಟದ ಮೇಲ್ಪದರ ಮಾತ್ರ ಸಿಡಿಯಿತೋ ಅಥವಾ ಆಳದ ಬಂಡೆಯೂ ಕಿತ್ತು ಬಂತೋ ಎಂದು ಹೇಳಬಹುದು.

ಈ ಗಾಜಿನ ಪ್ರಶ್ನೆ ಒಮ್ಮೆ ಒಂದು ಊರಿನ ಹಣೆಬರಹವನ್ನೇ ನಿರ್ಧರಿಸುವ ಹಂತಕ್ಕೆ ಬಂದಿತ್ತು. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಲಾ ಸೂಫ್ರಿಯೇರ್ ಬೆಟ್ಟ 1976ರ ಜುಲೈ 8ರಂದು ಸಿಡಿಯಲಾರಂಭಿಸಿತು. ಬೂದಿಯಲ್ಲಿ ಹೊಸ ಗಾಜು ಇದೆ, ಶಿಲಾರಸ ಮೇಲೇರುತ್ತಿದೆ ಎಂಬ ವರದಿ ಬಂತು. ಆಗಸ್ಟ್‌ನಲ್ಲಿ 70,000ಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಿದರು. ಇದು ಬರೀ ಹಬೆ, ಅಪಾಯ ಅಷ್ಟಿಲ್ಲ ಎಂದು ಜ್ವಾಲಾಮುಖಿ ತಜ್ಞ ಅರೂನ್ ತಾಜಿಯೆಫ್ ಬಲವಾಗಿ ವಾದಿಸಿದರು. ತೆರವು ಅಗತ್ಯ ಎನ್ನುವ ಪಕ್ಷದಲ್ಲಿ ಭೂವಿಜ್ಞಾನಿ ಕ್ಲೋದ್ ಅಲೆಗ್ರ್ ಇದ್ದರು. ಪತ್ರಿಕೆಗಳಲ್ಲೇ ಜಗಳವಾಯಿತು. ಶಿಲಾರಸ ಬರಲೇ ಇಲ್ಲ, ಗಾಜು ಎಂದುಕೊಂಡದ್ದು ಹೊಸ ಗಾಜಲ್ಲ ಎಂದು ಆಮೇಲೆ ತಿಳಿಯಿತು. ಜನ ತಿಂಗಳುಗಟ್ಟಲೆ ಮನೆ, ತೋಟ, ವ್ಯಾಪಾರ ಬಿಟ್ಟು ಕಷ್ಟಪಟ್ಟದ್ದು ನಿಜ. ಹಾಗಿದ್ದೂ ತೆರವು ಮಾಡಿಸಿದವರನ್ನು ನಾನು ದೂರುವುದಿಲ್ಲ. ಹತ್ತಿರದ ಮಾರ್ಟಿನಿಕ್ ದ್ವೀಪದಲ್ಲಿ 1902ರಲ್ಲಿ ಮೌಂಟ್ ಪೆಲೆ ಮೊದಲು ಹಬೆಯಿಂದಲೇ ಗುಡುಗಿತ್ತು. ಮೇ 8ರಂದು ಸೇಂಟ್ ಪಿಯೇರ್ ಪಟ್ಟಣ ನಿಮಿಷಗಳಲ್ಲಿ ನಾಶವಾಗಿ ಸುಮಾರು 28,000 ಜನ ಸತ್ತರು. ಅಂಥ ನೆನಪು ಪಕ್ಕದಲ್ಲೇ ಇರುವಾಗ ಹಬೆ ಎಂದು ಸುಮ್ಮನಿರುವುದು ಯಾರಿಂದಲೂ ಆಗದು. ನನ್ನ ತಕರಾರು ಇರುವುದು ಬೇರೆ ಕಡೆ: ಚಿಟಿಕೆ ಬೂದಿಯನ್ನು ಸರಿಯಾಗಿ ಓದಬಲ್ಲ ಪ್ರಯೋಗಾಲಯ ಬೆಟ್ಟ ಸಿಡಿಯುವ ಮೊದಲೇ ಸಿದ್ಧವಾಗಿರಬೇಕಿತ್ತು.

ಹಳೆಯ ಸ್ಫೋಟಗಳಿಗೆ ಬರೋಣ. ಇಳಿಜಾರಿನ ಕಪ್ಪು ಮಣ್ಣಿನಲ್ಲಿ, ಅದಕ್ಕಿಂತ ಚೆನ್ನಾಗಿ ಕುಳಿಯ ಹತ್ತಿರದ ಜೌಗು ನೆಲದಲ್ಲಿ, ಗುಂಡಿ ತೋಡುತ್ತಾರೆ. ಗೋಡೆಯನ್ನು ಕರಣೆಯಿಂದ ನಯವಾಗಿ ಕೆರೆದರೆ ಕಪ್ಪು ಮಣ್ಣಿನ ನಡುವೆ ಬೆರಳಿನಷ್ಟು ದಪ್ಪದ, ಕೆಲವೊಮ್ಮೆ ಉಗುರಿನಷ್ಟೂ ಇಲ್ಲದ ಬೂದು ಜೇಡಿಯ ಗೆರೆ ಕಾಣುತ್ತದೆ. ಹಬೆಯ ಸ್ಫೋಟದ ಕೆಸರಿಗೆ ಮರ ಸುಟ್ಟು ಇದ್ದಿಲಾಗುವಷ್ಟು ಬಿಸಿ ಸಾಮಾನ್ಯವಾಗಿ ಇರುವುದಿಲ್ಲ. ಆದ್ದರಿಂದ ಗೆರೆಯ ಕೆಳಗಿನ ಮತ್ತು ಮೇಲಿನ ಮಣ್ಣಿನಲ್ಲಿರುವ ಸಸ್ಯದ ಅಂಶಕ್ಕೆ ಕಾರ್ಬನ್ ಕಾಲನಿರ್ಣಯ ಮಾಡುತ್ತಾರೆ. ಸ್ಫೋಟದ ಕಾಲ ಆ ಎರಡರ ನಡುವೆ. ಜಪಾನಿನಲ್ಲಿ ಇನ್ನೊಂದು ಆಸರೆ ಇದೆ. ಸುಮಾರು 7,300 ವರ್ಷಗಳ ಹಿಂದೆ ದಕ್ಷಿಣದ ಕಿಕಾಯ್ ಜ್ವಾಲಾಮುಖಿಯ ಬೂದಿ ದೇಶದ ಬಹುಭಾಗದ ಮೇಲೆ ಬಿತ್ತು. ಆ ಗಾಜಿನ ಪದರ ಗುಂಡಿಯಲ್ಲಿ ಸಿಕ್ಕರೆ ಅದಕ್ಕಿಂತ ಮೇಲಿನದೆಲ್ಲ ಆಮೇಲಿನದು ಎಂದು ಕಣ್ಣಿಗೇ ಗೊತ್ತಾಗುತ್ತದೆ.

ಒಂಟಾಕೆಯ ನಿಜವಾದ ಸ್ವಭಾವ ಗೊತ್ತಾದದ್ದೇ ಈ ಕೆಲಸದಿಂದ. 1979ರ ಅಕ್ಟೋಬರ್ 28ರಂದು ಅದು ಸಿಡಿಯುವವರೆಗೆ ಆ ಬೆಟ್ಟ ಸಿಡಿದ ಲಿಖಿತ ದಾಖಲೆ ಇರಲಿಲ್ಲ, ಸತ್ತ ಜ್ವಾಲಾಮುಖಿ ಎಂದೇ ಜನ ನಂಬಿದ್ದರು. ಆಮೇಲೆ ಸುತ್ತ ಅಗೆದು ನೋಡಿದಾಗ, ಕಳೆದ 10,000 ವರ್ಷಗಳಲ್ಲಿ ಅದು ಹಲವು ಸಲ ಹಬೆಯಿಂದಲೂ, ಶಿಲಾರಸದಿಂದಲೂ ಸಿಡಿದ ಪದರಗಳು ಸಿಕ್ಕವು. ಪದರ ನೆಲದೊಳಗೆ ಇದ್ದೇ ಇತ್ತು, ಹುಡುಕಿದವರಿರಲಿಲ್ಲ.

ಮೇಷ್ಟ್ರೇ, ಮಲೆನಾಡಿನ ಮಕ್ಕಳಿಗೆ ಇದನ್ನು ಒತ್ತಿ ಹೇಳಿ. ಇಂಥ ಪದರ ಉಳಿಯುವುದೇ ಕಷ್ಟ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಲ್ಲಿಯ ಒಂದು ಗುಡ್ಡದ ಇಳಿಜಾರಿಗೆ ಎರಡು ಬೆರಳು ದಪ್ಪ ಜೇಡಿ ಹರಡಿ ಒಂದು ಆಷಾಢ ಕಳೆಯಲು ಬಿಡಿ, ಏನು ಉಳಿದೀತು? ಒಂಟಾಕೆಯಲ್ಲೂ ಸ್ಫೋಟವಾದ ಮರುತಿಂಗಳೇ ಚಂಡಮಾರುತಗಳ ಮಳೆ ಬಂತು. ಅದಕ್ಕೇ ಸಂಶೋಧಕರು ಸ್ಫೋಟದ ಬೆನ್ನಿಗೇ ಓಡಿ ಎಲೆ, ವಾಹನದ ಗಾಜು, ಫಲಕಗಳ ಮೇಲಿನ ಬೂದಿಯನ್ನೂ ಬಿಡದೆ ಗುಡಿಸಿ ತೂಗುತ್ತಾರೆ. ನಾವು ಗುಂಡಿಯಲ್ಲಿ ಎಣಿಸುವ ಗೆರೆಗಳು ಯಾವಾಗಲೂ ನಿಜವಾದ ಸ್ಫೋಟಗಳಿಗಿಂತ ಕಡಿಮೆ. ಪದರ ಸಿಗಲಿಲ್ಲ ಎಂಬುದನ್ನು ಸ್ಫೋಟ ಆಗಲೇ ಇಲ್ಲ ಎಂದು ಓದಿದರೆ ಅಪಾಯ. ಜಪಾನಿನ ಕುಸಾತ್ಸು-ಶಿರಾನೆ ಜ್ವಾಲಾಮುಖಿಯಲ್ಲಿ ಉಪಕರಣಗಳೆಲ್ಲ ಹೆಚ್ಚಾಗಿ ಯುಗಾಮ ಎಂಬ ಕುಳಿಯ ಸುತ್ತ ಇದ್ದವು, ಇತ್ತೀಚಿನ ಸ್ಫೋಟಗಳು ಅಲ್ಲಿ ಆಗಿದ್ದರಿಂದ. 2018ರ ಜನವರಿ 23ರಂದು ಸಿಡಿದದ್ದು ಪಕ್ಕದ ಮೊಟೊಶಿರಾನೆ, ಸಾವಿರಕ್ಕೂ ಹೆಚ್ಚು ವರ್ಷ ಸುಮ್ಮನಿದ್ದ ಕುಳಿ. ಕೆಳಗೆ ಹಿಮದ ಮೇಲೆ ಜಾರುವ ತರಬೇತಿಯಲ್ಲಿದ್ದ ಸೈನಿಕರೊಬ್ಬರು ಕಲ್ಲುಗಳಿಗೆ ಸಿಕ್ಕಿ ಸತ್ತರು.

ಪ್ರಶ್ನೆ: ಮೇಡಂ, ನಮ್ಮ ಶಿವಮೊಗ್ಗ ಜಿಲ್ಲೆಯಲ್ಲಿ ಯಾವಾಗಲಾದರೂ ಜ್ವಾಲಾಮುಖಿ ಇತ್ತೇ? ಇದ್ದರೆ ಹಬೆಯ ಸ್ಫೋಟವೂ ಆಗಿರಬಹುದಲ್ಲವೇ? ಅದರ ಪದರ ಈಗ ಸಿಗುತ್ತದೆಯೇ?
ಒಂಬತ್ತನೇ ತರಗತಿ ವಿದ್ಯಾರ್ಥಿನಿ, ಶಿಕಾರಿಪುರ

ಉತ್ತರ: ಇತ್ತು ಮಗೂ, ಬಹಳ ಹಿಂದೆ. ಶಿವಮೊಗ್ಗದಿಂದ ಉತ್ತರಕ್ಕೆ ಹರಡಿರುವ ಹಳೆಯ ಬಂಡೆಗಳ ಪಟ್ಟಿಯಲ್ಲಿ ಜ್ವಾಲಾಮುಖಿಯ ಕಲ್ಲುಗಳಿವೆ. ದಾವಣಗೆರೆ ಜಿಲ್ಲೆಯ ದಾಗಿನಕಟ್ಟೆಯ ಹೆಸರಿನಲ್ಲೇ ಅಂಥ ಒಂದು ಶಿಲಾಶ್ರೇಣಿಯನ್ನು ಗುರುತಿಸಿದ್ದಾರೆ. ವಯಸ್ಸು ಸುಮಾರು 260 ಕೋಟಿ ವರ್ಷ. ಚಿತ್ರದುರ್ಗದ ಬಳಿಯ ಮರಡಿಹಳ್ಳಿಗೆ ನಿಮ್ಮ ಶಾಲೆಯವರು ಪ್ರವಾಸ ಕರೆದುಕೊಂಡು ಹೋದರೆ ತಪ್ಪಿಸಿಕೊಳ್ಳಬೇಡ. ಅಲ್ಲಿ ಲಾವಾ ನೀರಿನಡಿಯಲ್ಲಿ ಹೊರಬಂದು ದಿಂಬು ಪೇರಿಸಿಟ್ಟಂತೆ ಹೆಪ್ಪುಗಟ್ಟಿದೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಒಂದೊಂದು ದಿಂಬಿನ ಹೊರ ಅಂಚಿನಲ್ಲಿ ಬಣ್ಣ ಬೇರೆಯಾದ ತೆಳು ಪಟ್ಟಿ ಇರುತ್ತದೆ, ಬೆರಳಿಟ್ಟು ನೋಡು. ನೀರು ತಗುಲಿ ಥಟ್ಟನೆ ತಣಿದ ಭಾಗ ಅದು.

ಬಿಸಿ ಕಲ್ಲು ಮತ್ತು ನೀರು ಎರಡೂ ಇದ್ದಲ್ಲಿ ಹಬೆಯ ಸ್ಫೋಟ ಆಗಿರುವ ಸಾಧ್ಯತೆ ಖಂಡಿತ ಇದೆ. ಆದರೆ ಗುರುತಿಸುವುದು ಬಹಳ ಕಷ್ಟ. ಆ ಪದರಗಳು ಆಮೇಲೆ ಆಳಕ್ಕೆ ಹೂತು, ಬೆಂದು, ಮಡಿಚಿಕೊಂಡಿವೆ. ಜೇಡಿ ಅಭ್ರಕವಾಗಿದೆ, ಗಾಜಿದ್ದರೆ ಅದೂ ಬೇರೆ ಖನಿಜವಾಗಿದೆ. ಗಾಜು ಇತ್ತೋ ಇಲ್ಲವೋ ಎಂಬ ಪರೀಕ್ಷೆಯೇ ಇಲ್ಲಿ ನಡೆಯುವುದಿಲ್ಲ. ಕಲ್ಲಿನ ಚೂರುಗಳ ಆಕಾರ, ಬಾಗಿದ ಪದರ, ಇಂಥವುಗಳಿಂದ ಊಹಿಸಬೇಕು. ನೀನು ಮುಂದೆ ಭೂವಿಜ್ಞಾನ ಓದುವುದಾದರೆ ನಮ್ಮ ಜಿಲ್ಲೆಯಲ್ಲೇ ಕೈತುಂಬ ಕೆಲಸ ಇದೆ. ಈಗ ಇಲ್ಲಿ ಸಿಡಿಯುವ ಭಯವಿಲ್ಲ. ಭಾರತದಲ್ಲಿ ಇಂದು ಸಕ್ರಿಯವಾಗಿರುವ ಜ್ವಾಲಾಮುಖಿ ಅಂಡಮಾನಿನ ಬ್ಯಾರೆನ್ ದ್ವೀಪದ್ದು.

ಪ್ರಶ್ನೆ: ನನ್ನ ಮಗ ಕೆಲಸದ ಮೇಲೆ ಜಪಾನಿನಲ್ಲಿದ್ದಾನೆ. ರಜೆ ಸಿಕ್ಕಾಗಲೆಲ್ಲ ಜ್ವಾಲಾಮುಖಿ ಬೆಟ್ಟ ಹತ್ತುತ್ತಾನೆ. ನಿಮ್ಮ ಬರಹ ಓದಿದ ಮೇಲೆ ನನಗೆ ಎದೆ ಹೊಡೆದುಕೊಳ್ಳುತ್ತಿದೆ. ಬೇಡವೆನ್ನಲೇ?
ಒಬ್ಬ ತಾಯಿ, ಭದ್ರಾವತಿ

ಉತ್ತರ: ಬೇಡವೆನ್ನಬೇಡಿ, ತಿಳಿದು ಹತ್ತು ಎನ್ನಿ. ಹೊರಡುವ ಬೆಳಗ್ಗೆ ಜಪಾನ್ ಹವಾಮಾನ ಸಂಸ್ಥೆ ಪ್ರಕಟಿಸುವ 1ರಿಂದ 5ರವರೆಗಿನ ಎಚ್ಚರಿಕೆಯ ಮಟ್ಟವನ್ನು ನೋಡಲಿ. ಮಟ್ಟ 1 ಎಂದರೆ ಅಪಾಯ ಶೂನ್ಯ ಎಂದಲ್ಲ. ಒಂಟಾಕೆಯ ಬಳಿಕ ಆ ಮಟ್ಟದ ವಿವರಣೆಯನ್ನೇ ಬದಲಿಸಿ, ಇದು ಸಕ್ರಿಯ ಜ್ವಾಲಾಮುಖಿ ಎಂಬುದನ್ನು ಮರೆಯಬೇಡಿ ಎಂಬ ಅರ್ಥ ಬರುವಂತೆ ಮಾಡಿದ್ದಾರೆ. ಕಂಪನಗಳು ಹೆಚ್ಚಾಗಿವೆ ಎಂಬ ಸುದ್ದಿ ಇದ್ದರೆ ಆ ವಾರ ಬೇರೆ ಬೆಟ್ಟ ಹತ್ತಲಿ. ಹೆಲ್ಮೆಟ್ ಚೀಲದಲ್ಲಿ ಬೇಡ, ತಲೆಯ ಮೇಲಿರಲಿ. ಮೂಗು ಬಾಯಿಗೆ ಕಟ್ಟಿಕೊಳ್ಳಲು ಬಟ್ಟೆ, ಕಣ್ಣಿಗೆ ಕನ್ನಡಕ ಇರಲಿ. ತಂಗುಮನೆ, ಕಾಂಕ್ರೀಟ್ ಆಸರೆಗಳು ಎಲ್ಲಿವೆ ಎಂದು ಹತ್ತುವಾಗಲೇ ಗುರುತಿಟ್ಟುಕೊಳ್ಳಲಿ. ಒಂಟಾಕೆಯ ಶಿಖರದಲ್ಲಿ ಈಗ ಅಂಥ ಆಸರೆಗಳನ್ನು ಕಟ್ಟಿದ್ದಾರೆ. ಕುಳಿಯ ಅಂಚಿನಲ್ಲಿ ಬುತ್ತಿ ಬಿಚ್ಚಿ ಕೂರುವುದು ಬೇಡ, ನೋಡಿ ಕೆಳಗಿಳಿದು ಉಣ್ಣಲಿ. ಸ್ಫೋಟವಾದರೆ ಮೊಬೈಲ್ ತೆಗೆದು ಚಿತ್ರೀಕರಿಸದೆ ಆ ಕ್ಷಣವೇ ಕಟ್ಟಡಕ್ಕೆ, ಇಲ್ಲದಿದ್ದರೆ ದೊಡ್ಡ ಬಂಡೆಯ ಮರೆಗೆ ಓಡಬೇಕು, ಬೆನ್ನಿನ ಚೀಲವನ್ನು ತಲೆ ಮತ್ತು ಕುತ್ತಿಗೆಗೆ ಅಡ್ಡ ಹಿಡಿಯಬೇಕು. ಹೊರಡುವ ಮುಂಚೆ ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು ಎಂದು ಬುಡದಲ್ಲಿರುವ ಪೆಟ್ಟಿಗೆಗೆ ಬರೆದುಹಾಕಲು ಚೀಟಿ ಕೊಡುತ್ತಾರೆ. ಅದನ್ನು ತುಂಬದೆ ಹತ್ತಕೂಡದು ಎಂದು ನನ್ನ ಹೆಸರಿನಲ್ಲಿ ಹೇಳಿ. ನಿಮಗೂ ಅದೇ ಸಂದೇಶ ಕಳುಹಿಸಿ ಹೊರಡಲಿ.